ಆ ಖಾಲಿ ಜಾಗವನ್ನು ಹಾಗೇ ಬಿಡಿ

ನಿನ್ನೆ ರಾತ್ರಿ ಒಂದು ವಿಡಿಯೋ ನೋಡಿದೆ. ಚೀನಾದ ಹಳೆಯ ಶಾಯಿಚಿತ್ರವೊಂದನ್ನು ಯಾರೋ ಕಂಪ್ಯೂಟರಿನಲ್ಲಿ ಅನಿಮೇಷನ್ ಮಾಡಿದ್ದರು. ಜಲಪಾತ ಭೋರ್ಗರೆಯುತ್ತಿತ್ತು. ಕೊಕ್ಕರೆಗಳು ಸಾಲಾಗಿ ಹಾರುತ್ತಿದ್ದವು. ಬೆಟ್ಟದ ಸುತ್ತ ಮಂಜು ಹೊಗೆಯಂತೆ ಸುತ್ತುತ್ತಿತ್ತು. ಕೆಲಸ ಬಹಳ ಅಚ್ಚುಕಟ್ಟು. ಆದರೂ ಏನೋ ಬೇಜಾರು. ಬೆಳಗಿನಿಂದ ಅದೇ ತಲೆಯಲ್ಲಿದೆ, ಬರೆದೇಬಿಡುತ್ತೇನೆ.

ಈ ಚಿತ್ರಗಳಿಗೆ ಚೀನೀಯರು ಶಾನ್‌ಶುಯಿ ಅನ್ನುತ್ತಾರೆ. ಶಾನ್ ಅಂದರೆ ಬೆಟ್ಟ, ಶುಯಿ ಅಂದರೆ ನೀರು. ಆದರೆ ಎಷ್ಟೋ ಸಲ ನೀರನ್ನು ಬಿಡಿಸಿಯೇ ಇರುವುದಿಲ್ಲ. ಬರೀ ಕಾಗದ. ಅಲ್ಲೊಂದು ದೋಣಿ ಇಟ್ಟರೆ ಆ ಬಿಳಿ ಹೊಳೆಯಾಗುತ್ತದೆ. ಪೈನ್ ಮರದ ತುದಿ ಇಟ್ಟರೆ ಅದೇ ಬಿಳಿ ಮಂಜಾಗುತ್ತದೆ. ಹೀಗೆ ಬಿಳಿ ಉಳಿಸುವುದಕ್ಕೆ ಲಿಯೂಬಾಯ್ ಅಂತ ಹೆಸರೇ ಇದೆ. ಅಲ್ಲಿ ನೀರು ಹರಿಸುವವರು ನೋಡುವ ನಾವು. ಅದನ್ನೂ ಕಂಪ್ಯೂಟರೇ ಹರಿಸಿಬಿಟ್ಟರೆ ನಮಗೆ ಉಳಿಯುವುದೇನು?

ಇನ್ನೊಂದು ಮಾತು. ಇಂಥ ವಿಡಿಯೋ ಮಾಡುವವರು ನಿಂತ ಚಿತ್ರಕ್ಕೆ ನಾವು ಚಲನೆ ಕೊಟ್ಟೆವು ಅನ್ನುತ್ತಾರಲ್ಲ, ಅದು ನಿಂತಿತ್ತು ಅಂತ ಹೇಳಿದವರು ಯಾರು? ಚೀನಾದ ಚಿತ್ರಕಾರ ಹುವಾಂಗ್ ಗೊಂಗ್‌ವಾಂಗ್ 1350ರ ಹೊತ್ತಿಗೆ ಮುಗಿಸಿದ ಫೂಚುನ್ ಬೆಟ್ಟಗಳ ಚಿತ್ರ ಆರು ಮೀಟರಿಗಿಂತ ಉದ್ದದ ಸುರುಳಿ. ಬಲಗಡೆಯಿಂದ ಒಂದು ತೋಳಿನಷ್ಟು ಬಿಚ್ಚುವುದು, ನೋಡುವುದು, ಸುತ್ತುವುದು, ಮುಂದೆ ಹೋಗುವುದು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನೋಡುವವರ ಕೈಯಲ್ಲೇ ಇತ್ತು.

ಕಂಪ್ಯೂಟರ್ ಅನಿಮೇಷನ್ ಬರುವ ಮೊದಲೇ ಶಾಂಘೈ ಅನಿಮೇಷನ್ ಸ್ಟುಡಿಯೋದವರು ಶಾಯಿಚಿತ್ರವನ್ನು ಚಲಿಸುವಂತೆ ಮಾಡಿ ತೋರಿಸಿದ್ದರು. ತೆ ವೇಯ್ ಮತ್ತು ಗೆಳೆಯರು 1960ರ ಸುಮಾರಿಗೆ ಗೊದಮೊಟ್ಟೆಗಳು ತಾಯಿಯನ್ನು ಹುಡುಕುವ ಕಥೆಯನ್ನು ಶಾಯಿಯಲ್ಲೇ ಮಾಡಿದರು. ಗಾಢ ಶಾಯಿಗೆ ಒಂದು ಹಾಳೆ, ತೆಳುವಿಗೆ ಒಂದು, ಇನ್ನೂ ತೆಳುವಿಗೆ ಮತ್ತೊಂದು. ಒಂದೊಂದನ್ನೇ ಕ್ಯಾಮೆರಾದಡಿ ಇಟ್ಟು ಅದೇ ಫ್ರೇಮಿನ ಮೇಲೆ ಮತ್ತೆ ಮತ್ತೆ ತೆಗೆಯುವುದು. ಶಾಯಿಯ ಅಂಚು ಹರಡಿದ ಹಾಗೆ ಕಾಣಬೇಕು ಅಂತ ಇಷ್ಟೆಲ್ಲ ಕಷ್ಟ.

ನನಗೆ ಜಾಸ್ತಿ ಇಷ್ಟ ಅವರ 1988ರ ಕಿರುಚಿತ್ರ ಶಾನ್‌ಶುಯಿ ಚಿಂಗ್. ಹತ್ತೊಂಬತ್ತು ನಿಮಿಷ, ಒಂದೂ ಮಾತಿಲ್ಲ. ಕಾಯಿಲೆ ಬಿದ್ದ ಮುದುಕನೊಬ್ಬ ಹಳ್ಳಿಯ ಮಗುವಿಗೆ ಚಿನ್ ಎಂಬ ತಂತಿವಾದ್ಯ ಕಲಿಸಿ, ಕೊನೆಗೆ ತನ್ನ ವಾದ್ಯವನ್ನೂ ಕೊಟ್ಟು ಬೆಟ್ಟದ ಕಡೆ ನಡೆದುಬಿಡುತ್ತಾನೆ. ನಡೆಯುತ್ತ ನಡೆಯುತ್ತ ಚಿಕ್ಕವನಾಗಿ ಬಿಳಿಯೊಳಗೆ ಸೇರಿಹೋಗುತ್ತಾನೆ. ಆ ಬಿಳಿಯಲ್ಲಿ ಯಾರೂ ಏನೂ ತುಂಬಿಲ್ಲ. ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹಾಗಂತ ಕಂಪ್ಯೂಟರೇ ಬೇಡ ಅನ್ನುತ್ತಿಲ್ಲ. ಶಾಂಘೈನ ಕಲಾವಿದ ಯಾಂಗ್ ಯೊಂಗ್‌ಲಿಯಾಂಗ್ ಕಂಪ್ಯೂಟರಿನಲ್ಲೇ ಮಾಡುವ ಚಿತ್ರ, ವಿಡಿಯೋಗಳನ್ನು ನೋಡಿ. ಚಿಕ್ಕಂದಿನಿಂದ ಕುಂಚ ಹಿಡಿದು ಕಲಿತವರು. ದೂರದಿಂದ ನೋಡಿದರೆ ಹಳೆಯ ಸಾಂಗ್ ರಾಜವಂಶದ ಕಾಲದ ಚಿತ್ರದ ಬೆಟ್ಟ. ಹತ್ತಿರ ಹೋದರೆ ಅದು ಬಂಡೆಯಲ್ಲ, ಒಂದರ ಮೇಲೊಂದು ಪೇರಿಸಿದ ಅಪಾರ್ಟ್‌ಮೆಂಟುಗಳು, ಕ್ರೇನುಗಳು, ಕರೆಂಟ್ ಕಂಬಗಳು. ಅವರ ವಿಡಿಯೋದಲ್ಲಿ ಬೆಟ್ಟ ಬೆಟ್ಟವಾಗಿಯೇ ಇರುತ್ತದೆ. ಅದರೊಳಗೆ ಇರುವೆಯಷ್ಟು ಚಿಕ್ಕ ಕಾರುಗಳು ಹರಿಯುತ್ತವೆ, ಅಷ್ಟೇ. ಅದಕ್ಕೇ ನಾವಾಗಿಯೇ ಮೂಗು ತಾಗುವಷ್ಟು ಹತ್ತಿರ ಹೋಗುತ್ತೇವೆ. ಹಳೆಯ ಸುರುಳಿಯನ್ನೂ ಹಾಗೇ ತಾನೇ ನೋಡುತ್ತಿದ್ದದ್ದು?

ಮಧ್ಯಾಹ್ನ ಸುಮ್ನೆ ಒದ್ದೆ ಕಾಗದದ ಮೇಲೆ ಒಂದು ಹನಿ ಕಪ್ಪು ಶಾಯಿ ಬಿಟ್ಟೆ. ಮೊದಲು ಚುಕ್ಕೆ. ಆಮೇಲೆ ಅಂಚಿನಿಂದ ಬೇರಿನಂಥ ಎಳೆಗಳು. ಒಂದು ಕಡೆ ಓಡಿತು, ಇನ್ನೊಂದು ಕಡೆ ಅನುಮಾನಿಸಿ ನಿಂತಿತು. ಪೂರ್ತಿ ನಿಲ್ಲುವವರೆಗೂ ಕಣ್ಣು ಕೀಳಲಾಗಲಿಲ್ಲ.

ಆ ವಿಡಿಯೋ ಮಾಡಿದವರ ಕೈಯಲ್ಲಿ ಕಲೆ ಇದೆ, ಅನುಮಾನವೇ ಇಲ್ಲ. ಅವರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಕೊಕ್ಕರೆ, ಜಲಪಾತ, ಹೊಗೆ ಎಲ್ಲ ತೆಗೆದು ಆ ಬಿಳಿಯ ಮೇಲೆ ಒಂದು ದೋಣಿಯನ್ನಷ್ಟೇ ಬಿಡಿ. ಅದು ನಿಧಾನವಾಗಿ ದಾಟಲಿ. ಎಷ್ಟು ಹೊತ್ತಾದರೂ ಕೂತು ನೋಡುತ್ತೇನೆ.