ಮರಳಿನ ಮೇಲೆ ಬಿಳಿ ಅಕ್ಷರ

‘ಚಾಂದೇರ್ ಪಾಹಾಡ್’ ನೋಡೋಣ ಅಂತ ಕೂತೆ. ಬಿಭೂತಿಭೂಷಣ ಬಂದೋಪಾಧ್ಯಾಯರ ಕಾದಂಬರಿ ಆಧರಿಸಿದ 2013ರ ಬಂಗಾಳಿ ಸಿನಿಮಾ, ನಾಯಕ ಶಂಕರ್ ಪಾತ್ರದಲ್ಲಿ ದೇವ್. ನನಗೆ ಬಂಗಾಳಿ ಬರಲ್ಲ, ಸಬ್‌ಟೈಟಲ್ಲೇ ಗತಿ. ಅದನ್ನೋ ಬಿಳಿ ಅಕ್ಷರದಲ್ಲಿ ಹಾಕಿದ್ದಾರೆ, ಅಂಚಿಗೆ ಒಂದು ಕಪ್ಪು ಗೆರೆಯೂ ಇಲ್ಲ! ರಾತ್ರಿಯ ದೃಶ್ಯಗಳು ಹೇಗೋ ಪರವಾಗಿಲ್ಲ. ಶಂಕರ್ ಕಲಹರಿ ಮರುಭೂಮಿಗೆ ಕಾಲಿಟ್ಟನೋ, ಮುಗೀತು. ಬಿಸಿಲಿಗೆ ಬೆಳ್ಳಗಾದ ಮರಳು, ಅದರ ಮೇಲೆ ಬಿಳಿ ಸಾಲು. ಅವನು ನೀರಿಲ್ಲದೆ ಒದ್ದಾಡುತ್ತಾನೆ, ನಾನು ಟಿವಿಗೆ ಮೂಗು ತಾಗಿಸಿಕೊಂಡು ಒದ್ದಾಡುತ್ತೇನೆ. ಇದಕ್ಕೂ ಮುಂಚೆ, ರೈಲ್ವೆ ಸ್ಟೇಷನ್ನಿನಲ್ಲಿ ಬ್ಲ್ಯಾಕ್ ಮಾಂಬಾ ಹಾವು ತಲೆ ಎತ್ತಿದ ಹೊತ್ತಿಗೇ ಸರಿಯಾಗಿ ಸೋಪಿನ ಜಾಹೀರಾತು. ಅದರ ಅಕ್ಷರ ಮಾತ್ರ ಎಷ್ಟು ದಪ್ಪ, ಎಷ್ಟು ಸ್ಪಷ್ಟ ಅಂತೀರಿ! ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಳ್ಳುವ ಆ್ಯಪ್‌ನವರಿಗೆ ಒಂದಿಷ್ಟು ಹಳದಿ ಬಣ್ಣ ಹಾಕೋಕೆ ಏನು ರೋಗ?