ಅಡಚಣಿಯಲ್ಲಿ ಹಾಕಿದ ಸಹಿ

2022ರ ಮಳೆಗಾಲ. ಕಾಕಾನನ್ನು ಅಣ್ಣಿಗೇರಿ ಕಡೆಯ ನಮ್ಮೂರಿನಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ತಂದು ಮೂರು ದಿನವಾಗಿತ್ತು. ಐಸಿಯು ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ, ನಮ್ಮ ಚಿಗವ್ವ, ಕೂತಿದ್ದಳು. ಸಾಲ ಕೊಡುವ ಕಂಪನಿಯ ಹುಡುಗ ಅಲ್ಲಿಗೇ ಕಾಗದ ತಂದ. ಎಲ್ಲವೂ ಇಂಗ್ಲಿಷಿನಲ್ಲಿ. ಸಹಿ ಬೇಕಾದ ಕಡೆ ಪೆನ್ಸಿಲ್ಲಿನ ಗುರುತು ಮಾಡಿದ್ದ. ಚಿಗವ್ವ ಹದಿನಾಲ್ಕು ಕಡೆ ಸಹಿ ಮಾಡಿದಳು. ಸಾಲ 2 ಲಕ್ಷ, ಕೈಗೆ ಬಂದದ್ದು 1,86,000. ಉಳಿದದ್ದು ಇನ್ಶೂರೆನ್ಸಿಗೆ ಅಂದರಂತೆ. ಕಾಕಾ ಉಳಿಯಲಿಲ್ಲ. ಆ ಇನ್ಶೂರೆನ್ಸ್ ಅವನ ಹೆಸರಿನಲ್ಲಿಯೇ ಇರಲಿಲ್ಲ, ಸಾಲ ತೆಗೆದ ಚಿಗವ್ವನ ಹೆಸರಿನಲ್ಲಿತ್ತು. ಅದು ಗೊತ್ತಾದದ್ದು ಮೂರು ತಿಂಗಳ ಮೇಲೆ.

ಫೋನಿನಲ್ಲಿ ಕೇಳಿದೆ, "ಯಾರ ಕಡೆಯಿಂದರೆ ಓದಿಸಬೇಕಿತ್ತಲ್ಲ ಚಿಗವ್ವಾ?"

"ಅಡಚಣ್ಯಾಗ ಇದ್ದಾಗ ಯಾರು ಓದಸ್ಕೋತ ಕೂಡ್ತಾರೋ ತಮ್ಮಾ? ಅಂವ ಬೆರಳಿಟ್ಟಲ್ಲಿ ಸಹಿ ಮಾಡಿದೆ."

ನಾನು ಒಂಬತ್ತು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಸಾಲ ಕೊಡುವ ಒಂದು ಸಂಸ್ಥೆಯಲ್ಲಿ ಗ್ರಾಹಕರಿಗೆ ಹೋಗುವ ಕರಾರು ಪತ್ರಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಅಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು 'ವಲ್ನರಬಲ್'. ಕನ್ನಡದಲ್ಲಿ ಇದನ್ನು ದುರ್ಬಲ ಅಂತ ಬರೆಯುವುದು ಜಾಸ್ತಿ. ನನಗೆ ಅದು ಒಪ್ಪುವುದಿಲ್ಲ. ನಮ್ಮ ಚಿಗವ್ವ ದುರ್ಬಲಳಲ್ಲ. ನಾಲ್ಕು ಎಕರೆ ಎರೆಹೊಲ ಮಾಡಿಸುವವಳು. ಮೆಣಸಿನಕಾಯಿ ಚೀಲ ಬ್ಯಾಡಗಿ ಪೇಟೆಗೆ ಒಯ್ದು, ದರ ಸರಿ ಬರುವ ತನಕ ಜಗಳ ಮಾಡಿ ಬರುವವಳು. ಆ ಬೆಂಚಿನ ಮೇಲೆ ಕೂತ ಹೊತ್ತಿನಲ್ಲಿ ಮಾತ್ರ ಅವಳಿಗೆ ಜಗಳ ಮಾಡುವ ತ್ರಾಣ ಇರಲಿಲ್ಲ.

ಹಣಕಾಸು ಕಂಪನಿಗಳ ಮೇಲೆ ನಿಗಾ ಇಡುವ ಬ್ರಿಟನ್ನಿನ ಫೈನಾನ್ಶಿಯಲ್ ಕಂಡಕ್ಟ್ ಅಥಾರಿಟಿ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದೂ ಇದನ್ನೇ. ತಮ್ಮ ಪರಿಸ್ಥಿತಿಯಿಂದಾಗಿ ಹೆಚ್ಚು ಹಾನಿಗೆ ಸಿಗಬಹುದಾದವರು, ಅದರಲ್ಲೂ ಕಂಪನಿ ಸರಿಯಾಗಿ ಕಾಳಜಿ ಮಾಡದಿದ್ದಾಗ ಹಾನಿಗೆ ಸಿಗುವವರು, ಅಂತ ಅಲ್ಲಿ ವಲ್ನರಬಲ್ ಮಾತಿನ ಅರ್ಥ. ಕಾಯಿಲೆ, ಸಾವು ಅಥವಾ ಕೆಲಸ ಹೋದಂಥ ಪೆಟ್ಟು, ಪೆಟ್ಟು ತಡೆದುಕೊಳ್ಳುವ ಶಕ್ತಿ ಕಡಿಮೆ ಇರುವುದು, ಹಣದ ವಿಷಯದ ತಿಳಿವಳಿಕೆ ಕಡಿಮೆ ಇರುವುದು, ಹೀಗೆ ನಾಲ್ಕು ಕಾರಣ ಹೇಳುತ್ತದೆ. ಇವತ್ತು ಗಟ್ಟಿ ಇದ್ದವರು ನಾಳೆ ಆ ಸಾಲಿಗೆ ಬರಬಹುದು, ಅಲ್ವಾ? ಇದನ್ನು ಮೊದಲ ಸಲ ಓದಿದಾಗ ನನಗೆ ಚಿಗವ್ವನ ಮಾತೇ ನೆನಪಾಯಿತು. ಅಡಚಣಿ. ನಮ್ಮ ಕಡೆ ಒಬ್ಬ ಮನುಷ್ಯನನ್ನು ಅಡಚಣಿ ಅನ್ನುವುದಿಲ್ಲ, ಅಡಚಣಿಯಲ್ಲಿ ಇದ್ದಾನೆ ಅನ್ನುತ್ತೇವೆ. ಲಂಡನ್ನಿನವರು ಹತ್ತಾರು ಪುಟ ಬರೆದು ಹೇಳಿದ್ದನ್ನು ನಮ್ಮ ಊರಿನ ಒಂದು ಮಾತು ಹೇಳುತ್ತದೆ.

ನಮ್ಮ ಕಾಯ್ದೆಗೂ ಇದು ಹೊಸದಲ್ಲ. ಭಾರತೀಯ ಕರಾರು ಕಾಯ್ದೆ 1872ರದ್ದು. ಅದರ 16ನೇ ಕಲಮು ಅನುಚಿತ ಒತ್ತಡದಿಂದ ಮಾಡಿಸಿಕೊಂಡ ಕರಾರಿನದ್ದು. ಅದು ವಯಸ್ಸು, ಕಾಯಿಲೆ, ಮನಸ್ಸಿನ ಅಥವಾ ದೇಹದ ಸಂಕಟದಿಂದ ಬುದ್ಧಿ ತಾತ್ಕಾಲಿಕವಾಗಿ ಕುಂದಿದವರ ಬಗ್ಗೆಯೂ ಹೇಳುತ್ತದೆ. ತಾತ್ಕಾಲಿಕವಾಗಿ ಅನ್ನುವ ಮಾತನ್ನು ಗಮನಿಸಿ. ಅಲ್ಲೊಂದು ಉದಾಹರಣೆಯೂ ಇದೆ. ಊರಿನ ಸಾಹುಕಾರನಿಗೆ ಮೊದಲೇ ಸಾಲಗಾರನಾದವನು, ಮನಸ್ಸಾಕ್ಷಿಗೆ ಒಪ್ಪದ ಷರತ್ತಿನ ಮೇಲೆ ಮತ್ತೆ ಸಾಲ ತೆಗೆಯುತ್ತಾನೆ. ಒತ್ತಡ ಹಾಕಿಲ್ಲ ಅಂತ ಸಾಹುಕಾರನೇ ಸಾಬೀತು ಮಾಡಬೇಕು ಅನ್ನುತ್ತದೆ ಕಾಯ್ದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬರೆದದ್ದು, ಆದರೂ ನವಲಗುಂದದ ಯಾವುದೋ ಮನೆಯ ಕಥೆ ಅನಿಸುತ್ತದೆ.

ಆದರೆ ಈ ಕಲಮು ಕೆಲಸಕ್ಕೆ ಬರುವುದು ಕೋರ್ಟಿಗೆ ಹೋದ ಮೇಲೆ. ಅಡಚಣಿಯಲ್ಲಿ ಇದ್ದವರು ವಕೀಲರನ್ನು ಹಿಡಿದು, ತಾರೀಖಿಗೆ ಅಲೆದು, ತಾವು ಅಡಚಣಿಯಲ್ಲಿ ಇದ್ದೆವು ಅಂತ ಹೇಳಬೇಕು. ಸಹಿ ಮಾಡುವ ಹೊತ್ತಿಗೆ ಅವರ ಪಕ್ಕ ಯಾರೂ ಇರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಬ್ರಿಟನ್ನಿನಲ್ಲಿ ಹೆಚ್ಚಿನ ವೈಯಕ್ತಿಕ ಸಾಲಗಳಿಗೆ 14 ದಿನದ ಅವಕಾಶ ಇದೆ. ಮನಸ್ಸು ಬದಲಾದರೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ಹೊರಗೆ ಬರಬಹುದು. ಚಿಗವ್ವನ ಹಣ ಆಸ್ಪತ್ರೆಗೆ ಕಟ್ಟಿ ಆಗಿತ್ತು, ಹಾಗಾಗಿ ಅವಳು ಸಾಲ ವಾಪಸ್ ಕೊಡಲು ಆಗುತ್ತಿರಲಿಲ್ಲ. ಆದರೂ ಕಾಗದ ಯಾರಿಗಾದರೂ ತೋರಿಸಲು ಹೊತ್ತು ಸಿಗುತ್ತಿತ್ತು. ಈಗ ನಮ್ಮಲ್ಲೂ 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬಂದಿದೆ. ಬಡ್ಡಿ, ಇನ್ಶೂರೆನ್ಸ್, ಇತರೆ ಖರ್ಚು ಎಲ್ಲ ಸೇರಿಸಿ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯ ಸಂಗತಿಗಳ ಪತ್ರ ಕೊಡಬೇಕು, ವಿವರಿಸಿ ಹೇಳಬೇಕು. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಇರಬೇಕು. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಗೊತ್ತಿರಬೇಕಾದದ್ದು ಈ ಮೂರು ದಿನ. "ಈಗ್ಲೇ ಸಹಿ ಮಾಡ್ರಿ, ಇಲ್ಲಾಂದ್ರ ಸಾಲ ಹೋಗತೈತಿ" ಅಂದವನಿಗೆ ಈ ಮಾತು ಹೇಳಬೇಕು.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್ ಕಾಟ ತಾಳದೆ ಮುಖ್ಯಮಂತ್ರಿಗೆ ಮಾಂಗಲ್ಯವನ್ನೇ ಅಂಚೆಯಲ್ಲಿ ಕಳಿಸಿದ ಸುದ್ದಿ ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ತಿಂಗಳೇ ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯೂ ಆಯಿತು. ಒತ್ತಾಯದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಅದು ಹೆಚ್ಚಾಗಿ ನೋಡುವುದು ವಸೂಲಿಯ ಬಾಗಿಲನ್ನು. ಸಾಲ ಒಳಗೆ ಬರುವ ಬಾಗಿಲಲ್ಲೂ ಅಷ್ಟೇ ಬಿಗಿ ಬೇಕು.

ಕಂಪನಿಯವರು ಹೊರಗಿನವರು. ಮನೆಯವರ ಮುಂದೆ ಹಾಕುವ ಸಹಿಯ ವಿಷಯ ಇನ್ನೂ ಕಷ್ಟ. 2001ರಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಒಂದು ತೀರ್ಪು ಕೊಟ್ಟಿತು. ಗಂಡನ ವ್ಯಾಪಾರದ ಸಾಲಕ್ಕೆ ಹೆಂಡತಿ ಮನೆಯನ್ನು ಒತ್ತೆ ಇಡುವಾಗ ವಕೀಲರು ಅವಳಿಗೆ ಎದುರಿಗೇ ಕೂತು ತಿಳಿಸಿ ಹೇಳಬೇಕು, ಅದೂ ಗಂಡ ಇಲ್ಲದಾಗ. ನಮ್ಮ ಕಡೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಾಯಿಯ ಪಕ್ಕ ನಿಲ್ಲುವವನು ಯಾರು? ಬಕ್ಷೀಸ್ ಪತ್ರ, ಅಂದರೆ ದಾನಪತ್ರ, ಬರೆಸಿಕೊಳ್ಳುವ ಮಗನೇ. ತಂಗಿ ಹಕ್ಕು ಬಿಡುವ ಪತ್ರಕ್ಕೆ ಸಹಿ ಮಾಡುವಾಗ ಎದುರಿಗೆ ಇರುವವನು ಅಣ್ಣನೇ. ಅವರಲ್ಲಿ ಕೆಟ್ಟವರು ಕಡಿಮೆ. ಆದರೆ ಅವರ ಮುಖ ನೋಡಿಕೊಂಡು ಒಲ್ಲೆ ಅನ್ನುವುದು ಯಾರಿಗೆ ಸಾಧ್ಯ?

ಇಂಗ್ಲೆಂಡಿನವರದ್ದೇ ಸರಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಒಬ್ಬ ಮುದುಕಿ ತನ್ನ ಗಂಡ ತೀರಿದ್ದನ್ನು ಫೋನಿನಲ್ಲಿ ಕಂಪನಿಯ ಒಬ್ಬ ಅಪರಿಚಿತನಿಗೆ ಹೇಳಬೇಕು. ಅವನು ಕಂಪ್ಯೂಟರಿನಲ್ಲಿ ಒಂದು ಗುರುತು ಹಾಕುತ್ತಾನೆ. ಅವಳ ಮನೆಗೆ ಬಂದು ಚಹಾ ಮಾಡಿಕೊಡುವವರು ಯಾರೂ ಇರುವುದಿಲ್ಲ. ಚಿಗವ್ವನ ಮನೆಯಲ್ಲಿ ಹದಿಮೂರು ದಿನ ಒಲೆ ಹಚ್ಚಲು ಓಣಿಯವರು ಬಿಡಲಿಲ್ಲ. ಬುತ್ತಿ ತಂದ ಆ ಜನರಲ್ಲಿ ಒಬ್ಬರು ಆ ಕಾಗದವನ್ನೂ ನೋಡುವಂತಿದ್ದರೆ ಅನಿಸುತ್ತದೆ.

ಚಿಗವ್ವನಿಗೆ ಈಗ 64. ಕಳೆದ ವರ್ಷ ಮಗ ಮನೆಯನ್ನು ತನ್ನ ಹೆಸರಿಗೆ ಮಾಡು ಅಂದ. ನಾನು ಎರಡು ಮಾತು ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸ್ ಪಡೆಯಬಹುದು. 2025ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿದೆ. ಆದರೆ 2022ರಲ್ಲಿ ಅದೇ ಕೋರ್ಟು ಷರತ್ತು ಇತ್ತು ಅಂತ ತೋರಿಸಲೇಬೇಕು ಅಂದಿತ್ತು. ಹಾಗಾಗಿ ಷರತ್ತು ಪತ್ರದಲ್ಲೇ ಇರಲಿ. ಎರಡನೆಯದು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ.

ಚಿಗವ್ವ ಧಾರವಾಡಕ್ಕೆ ಮಗನ ಜೊತೆಯೇ ಹೋದಳು. ಸಂಜೆ ಫೋನ್ ಮಾಡಿದಳು.

"ಒಳಗ ನಾನೊಬ್ಬಾಕೀನ ಹೋದೆ. ಅವಂಗ ಚಾದಂಗಡ್ಯಾಗ ಕೂಡು ಅಂದೆ. ವಕೀಲಬಾಯಿ ಎಲ್ಲಾ ಕನ್ನಡದಾಗ ಓದಿ ಹೇಳಿದ್ಲು. ಎರಡು ಸಾಲು ಹೆಚ್ಚಿಗಿ ಬರಸೀನಿ ನೋಡು. ಹೊರಗ ಬಂದು ಅವಂಗೂ ಓದಿ ಹೇಳಿದೆ."

"ಏನಂದ?"

"ಏನಂತಾನ? ಇನ್ನೊಂದು ಚಾ ಹೇಳಿದ."