ಸ್ಪಷ್ಟನೆ: ಉರಿಯೂತ ನಿರೋಧಕ ಸಂಯುಕ್ತಗಳು ಕಲ್ಲುಹೂವಿನ ಕಷಾಯದಿಂದ ಬಂದವಲ್ಲ

ಕಲ್ಲುಹೂವಿನ ಕಷಾಯದಿಂದ ಕೀಲುಗಳ ಉರಿಯೂತ ವಾಸಿಯಾಗುವುದನ್ನು ವಿಜ್ಞಾನಿಗಳೇ ಸಾಬೀತುಪಡಿಸಿದ್ದಾರೆ ಎಂಬ ಸಂದೇಶವೊಂದು ಹರಿದಾಡುತ್ತಿದ್ದು, ಅದು ಎರಡು ಬೇರೆ ಸಂಗತಿಗಳನ್ನು ಬೆರೆಸಿದೆ. ಲೈಕೆನ್ ಎಂದೂ ಕರೆಯುವ ಕಲ್ಲುಹೂವು ಶಿಲೀಂಧ್ರವೊಂದು ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾದೊಡನೆ (ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ) ಕೂಡಿ ಬಾಳುವುದರಿಂದ ರೂಪುಗೊಳ್ಳುತ್ತದೆ. ಅದರ ದೇಹವನ್ನು ಕಟ್ಟುವ ಆ ಶಿಲೀಂಧ್ರವಲ್ಲದೆ, ಹೊರಗೆ ಯಾವ ಗುರುತೂ ತೋರದಂತೆ ಒಳಗೆ ನೆಲೆಸಿರುವ ಇತರ ಶಿಲೀಂಧ್ರಗಳೂ ಇವೆ. ಸಂಶೋಧಕರು ಲೈಕೆನ್‌ನ ಹೊರಮೈಯನ್ನು ಕ್ರಿಮಿರಹಿತಗೊಳಿಸಿ, ಈ ಒಳವಾಸಿಗಳನ್ನು ಬೇರ್ಪಡಿಸಿ, ಪೋಷಕ ಮಾಧ್ಯಮದಲ್ಲಿ ಪ್ರತ್ಯೇಕವಾಗಿ ಬೆಳೆಸಿ, ಆ ಬೆಳೆಯಿಂದ ‘ಉರಿಯೂತ ನಿರೋಧಕ’ ಎನ್ನಲಾಗುವ ಸಂಯುಕ್ತಗಳನ್ನು ಪಡೆಯುತ್ತಾರೆ. ಕಲ್ಲುಹೂವನ್ನು ಕುದಿಸಿದ ನೀರಿನಲ್ಲೂ ಅವು ಇರುತ್ತವೆ ಎನ್ನಲು ಇದು ಆಧಾರವಾಗದು.

‘ಉರಿಯೂತ ನಿರೋಧಕ’ ಎಂಬ ಮಾತಿಗೂ ಮಿತಿಯಿದೆ. ಸಾಮಾನ್ಯವಾಗಿ ಇಲಿಯ ಮ್ಯಾಕ್ರೋಫೇಜ್ ಕೋಶಗಳನ್ನು (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳು) ಬ್ಯಾಕ್ಟೀರಿಯಾದ ಹೊರಪೊರೆಯ ಅಂಶವಾದ ಲಿಪೊಪಾಲಿಸ್ಯಾಕರೈಡ್‌ನಿಂದ ಕೆರಳಿಸಿ, ಸಂಯುಕ್ತ ಸೇರಿಸಿದಾಗ ಉರಿಯೂತದ ಸೂಚಕವಾದ ನೈಟ್ರಿಕ್ ಆಕ್ಸೈಡ್ ಎಷ್ಟು ತಗ್ಗಿತೆಂದು ಅಳೆಯಲಾಗುತ್ತದೆ (ಕೋಶಗಳೇ ಸತ್ತರೂ ಆ ಅಂಕಿ ತಗ್ಗುವುದರಿಂದ ವಿಷತ್ವವನ್ನೂ ಪರೀಕ್ಷಿಸಬೇಕಾಗುತ್ತದೆ). ಇದು ಔಷಧದ ಹುಡುಕಾಟದ ಮೊದಲ ಮೆಟ್ಟಿಲೇ ಹೊರತು ಮನುಷ್ಯರ ಮೇಲಿನ ಪ್ರಯೋಗವಲ್ಲ.

ನೈಸರ್ಗಿಕವಾದ್ದರಿಂದ ನಿರಪಾಯ ಎಂಬ ಅದೇ ಸಂದೇಶದ ಕೊನೆಯ ಸಾಲಂತೂ ಅಪಾಯಕಾರಿ: ಹಲವು ಲೈಕೆನ್‌ಗಳಲ್ಲಿರುವ ಅಸ್ನಿಕ್ ಆಮ್ಲವನ್ನು ಒಳಗೊಂಡಿದ್ದ ತೂಕ ಇಳಿಸುವ ಉತ್ಪನ್ನವೊಂದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ತೀವ್ರ ಹಾನಿ ಕಂಡುಬಂದಾಗ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2001ರಲ್ಲಿ ಅದರ ವಿರುದ್ಧ ಎಚ್ಚರಿಕೆ ನೀಡಿತ್ತು.